ಹೆಸರು ಅದೇ, ಆಸಾಮಿ ಬೇರೆ

ಡೊಂಬಿವ್ಲಿಯ ನಮ್ಮ ಬಿಲ್ಡಿಂಗಿನಲ್ಲಿ ಒಂದು ಕಾಲಕ್ಕೆ ಇಬ್ಬರು ಶೆಟ್ಟರಿದ್ದರು. ಎರಡನೇ ಮಾಳಿಗೆಯವರು ಮೊದಲು ಬಂದವರು, ಹಾಗಾಗಿ ಬರೀ ಶೆಟ್ರು. ನಾಲ್ಕನೇ ಮಾಳಿಗೆಯವರು ಮೇಲಿನ ಶೆಟ್ರು. ಹಳಬರು ಮನೆ ಮಾರಿ ಊರಿಗೆ ಹೋದದ್ದೇ ತಡ, ಮೇಲಿನವರು ಬರೀ ಶೆಟ್ರಾದರು. ಆಮೇಲೆ ಎರಡು ವರ್ಷ ಹಳಬರ ಕಾಗದವೆಲ್ಲ ಇವರ ಮನೆಗೇ ಹೋಯಿತು. ಇವರು ಒಡೆದು ಓದುತ್ತಲೂ ಇದ್ದರು ಅನ್ನಿ!

ಈ ಕಥೆ ನೆನಪಾದದ್ದು ಲಿನಕ್ಸ್ ಪ್ಯಾಕೇಜುಗಳ ಹೆಸರಿನ ಜಗಳ ಮತ್ತೆ ಕಿವಿಗೆ ಬಿದ್ದಾಗ. "ಪ್ಯಾಕೇಜಿನ ಹೆಸರಿನಲ್ಲಿ ನಂಬರು ಯಾಕ್ರೀ, ಅಸಹ್ಯ. ಬರೀ ಹೆಸರು ಇರಲಿ, ಹೊಸದು ಬಂದಾಗ ಅದಕ್ಕೇ ಆ ಹೆಸರು ಕೊಟ್ಟರಾಯಿತು" ಅನ್ನುವವರು ಬಹಳ ಮಂದಿ. ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕನ್ನಡ ಸಂಘದ ಚಂದಾ ಲೆಕ್ಕಕ್ಕೆ ನಾನೇ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆ. ವರ್ಷದ ಚಂದಾ 125 ರೂಪಾಯಿ. ನಡುವೆ ಸೇರಿದವರಿಗೆ ಅರ್ಧ, ಅಂದರೆ 62.50, ಅದನ್ನು ಪೂರ್ಣ ರೂಪಾಯಿ ಮಾಡಿದರೆ 63. ವರ್ಷಗಟ್ಟಲೆ ನಡೆಯಿತು. ಒಂದು ಅಪ್‌ಡೇಟ್ ಆದ ಮೇಲೆ ಅದೇ ಸ್ಕ್ರಿಪ್ಟ್ 62 ಅನ್ನತೊಡಗಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಏನೂ ಇಲ್ಲ. ಅಂಥ ಸದಸ್ಯರು 23 ಜನ, ಲೆಕ್ಕದಲ್ಲಿ 23 ರೂಪಾಯಿ ಖೋತಾ. ನಮ್ಮ ಖಜಾಂಚಿಗಳು ಬ್ಯಾಂಕಿನಿಂದ ರಿಟೈರ್ ಆದವರು, ದುಡ್ಡು ಎಷ್ಟು ಅನ್ನುವುದು ಅವರಿಗೆ ಮುಖ್ಯವಲ್ಲ. ಮೂರು ಸಂಜೆ ರಸೀದಿ ಪುಸ್ತಕ ಹರಡಿಕೊಂಡು ಕೂತೆವು. ಮೂರನೇ ಸಂಜೆ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಆದದ್ದು ಇಷ್ಟು. ಪೈಥಾನ್ 2 ಸರಿಯಾಗಿ ಅರ್ಧ ಬಂದರೆ ಮೇಲಕ್ಕೆ ಏರಿಸುತ್ತಿತ್ತು. ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ತರುತ್ತದೆ. ಎರಡಕ್ಕೂ ಅವರವರ ಕಾರಣವಿದೆ, ಅದು ಬೇರೆ ಮಾತು. ನನ್ನ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬರೀ 'ಪೈಥಾನ್' ಅಂತ ಇತ್ತು. ಆ ಹೆಸರು ಹಿಡಿದು ಕೂಗಿದರೆ ನಾಲ್ಕನೇ ಮಾಳಿಗೆಯವರು ಓಗೊಟ್ಟರು. ಅದು ಯಾವ ಡಿಸ್ಟ್ರೋ ಅಂತ ಬರೆಯುವುದಿಲ್ಲ.

ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ, ಹಳೆಯದರ ಜೊತೆ ಹೊಂದುವುದಿಲ್ಲ ಎಂದು ಸಾರಿಕೊಂಡೇ ಬಂತು. 2010ರಲ್ಲಿ ಆರ್ಚ್ ಲಿನಕ್ಸ್ ಬರೀ ಹೆಸರನ್ನು ಅದಕ್ಕೆ ಕೊಟ್ಟುಬಿಟ್ಟಿತು. 2011ರಲ್ಲಿ ಪೈಥಾನಿನವರು ಪೆಪ್ 394 ಎಂಬ ಕಾಗದ ಹೊರಡಿಸಿ, ಸದ್ಯಕ್ಕೆ ಬರೀ ಹೆಸರು ಪೈಥಾನ್ 2ಕ್ಕೇ ಇರಲಿ ಅಂದರು. ಆ 'ಸದ್ಯಕ್ಕೆ' ನೋಡಿ! 2019ರಲ್ಲಿ ಫೆಡೊರಾ 31 ಕೂಡ ಹೆಸರನ್ನು 3ಕ್ಕೆ ದಾಟಿಸಿತು. ಅಂದರೆ ಒಂದೇ ಸ್ಕ್ರಿಪ್ಟ್, ಒಂದೇ ಮೊದಲ ಸಾಲು, ಯಾವ ಯಂತ್ರದಲ್ಲಿ ಕೂತಿದ್ದೀರಿ ಅನ್ನುವುದರ ಮೇಲೆ ಉತ್ತರ!

ಇದಕ್ಕಿಂತ ಡೆಬಿಯನ್ ಮಾಡಿದ್ದು ವಾಸಿ. 2021ರ ಡೆಬಿಯನ್ 11ರಲ್ಲಿ, ಹೊಸದಾಗಿ ಹಾಕಿದರೆ, ಬರೀ 'ಪೈಥಾನ್' ಎಂಬ ಆಜ್ಞೆಯೇ ಇರಲಿಲ್ಲ. ಬೇಕಾದರೆ ನೀವೇ 'ಪೈಥಾನ್-ಈಸ್-ಪೈಥಾನ್2' ಅಥವಾ 'ಪೈಥಾನ್-ಈಸ್-ಪೈಥಾನ್3' ಎಂಬ ಪ್ಯಾಕೇಜ್ ಹಾಕಿಕೊಳ್ಳಬೇಕಿತ್ತು. ಹೆಸರು ಕೇಳಿ ನಕ್ಕವರೆಷ್ಟೋ. ನಗಲಿ ಮಾರಾಯ್ರೆ! ಯಂತ್ರ ಯಾರದೋ ತೀರ್ಮಾನ ಅವರದು, ಮತ್ತು ಆ ತೀರ್ಮಾನ ಪ್ಯಾಕೇಜುಗಳ ಪಟ್ಟಿಯಲ್ಲಿ ಬರಹದಲ್ಲಿ ಇರುತ್ತದೆ. ನನ್ನ ಸ್ಕ್ರಿಪ್ಟ್ ಅಲ್ಲಿದ್ದಿದ್ದರೆ "ಅಂಥವರು ಯಾರೂ ಇಲ್ಲಿಲ್ಲ" ಅಂತ ನಿಂತುಬಿಡುತ್ತಿತ್ತು. ಸುಳ್ಳು ಉತ್ತರಕ್ಕಿಂತ ಅದು ಎಷ್ಟೋ ಮೇಲು.

ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ತಗೊಳ್ಳಿ. ಡೆಬಿಯನ್ನಿನಲ್ಲಿ ಪ್ಯಾಕೇಜಿನ ಹೆಸರಲ್ಲೂ ನಂಬರು, ಡೇಟಾ ಇಡುವ ಫೋಲ್ಡರಿನಲ್ಲೂ ನಂಬರು. 13ರ ಪಕ್ಕದಲ್ಲಿ 15 ಬಂದು ಕೂರುತ್ತದೆ, ಹಳೆಯದರ ತಟ್ಟೆಗೆ ಕೈ ಹಾಕುವುದಿಲ್ಲ. ನೀವಾಗಿ ಸಾಗಿಸುವ ತನಕ ಹಳೆಯದು ತನ್ನ ಪಾಡಿಗೆ ಇರುತ್ತದೆ. ಬರೀ ಹೆಸರಿನದೂ ಒಂದು ಇದೆ, ಆದರೆ ಅದು ಖಾಲಿ ಡಬ್ಬ. ಆ ಬಿಡುಗಡೆಯ ನಂಬರಿನದನ್ನು ಕರೆತರುವುದಷ್ಟೇ ಅದರ ಕೆಲಸ.

ನಂಬರಿನ ಕಾಟ ಇಲ್ಲವೆಂದು ನಾನು ಹೇಳುತ್ತಿಲ್ಲ. 2022ರಲ್ಲಿ ಉಬುಂಟು 22.04 ಬಂದಾಗ ಅದರಲ್ಲಿ 'ಲಿಬ್‌ಎಸ್‌ಎಸ್‌ಎಲ್3' ಮಾತ್ರ ಇತ್ತು, '1.1' ಕೇಳುವ ತಂತ್ರಾಂಶಗಳೆಲ್ಲ ಮುಷ್ಕರ ಹೂಡಿದವು. ಕೆಲವರು 3ಕ್ಕೇ 1.1ರ ಹೆಸರಿನ ಚೀಟಿ ಅಂಟಿಸಿ ಓಡಿಸಲು ನೋಡಿದರು. ದಯವಿಟ್ಟು ಹಾಗೆ ಮಾಡಬೇಡಿ. 2038ರಲ್ಲಿ 32 ಬಿಟ್ ಯಂತ್ರಗಳ ಗಡಿಯಾರ ಕೆಡದಿರಲೆಂದು ಡೆಬಿಯನ್ 2024ರಲ್ಲಿ ನೂರಾರು ಲೈಬ್ರರಿಗಳ ಹೆಸರಿಗೆ 'ಟಿ64' ಅಂತ ಬಾಲ ಅಂಟಿಸಿತು. ಹಾಗೆ ಹುಟ್ಟಿದ್ದು 'ಲಿಬ್‌ಪಿಎನ್‌ಜಿ16-16ಟಿ64'. ಬಾಯಲ್ಲಿ ಹೇಳಿ ನೋಡೋಣ! ಚಂದ ಇಲ್ಲ, ಒಪ್ಪಿದೆ. ಆದರೆ ಒಳಗೆ ಏನಿದೆ ಅಂತ ಹೆಸರೇ ಹೇಳುತ್ತದಲ್ಲ.

"ತಪ್ಪು ನಿಮ್ಮದೇ, ಮೊದಲ ಸಾಲಿನಲ್ಲಿ 2 ಅಂತ ಬರೆಯಬೇಕಿತ್ತು" ಅನ್ನುತ್ತೀರಿ. ನಾನು ಬರೆಯುವಾಗ 3 ಹುಟ್ಟೇ ಇರಲಿಲ್ಲ ಸ್ವಾಮಿ. ಮನೆಯಲ್ಲಿ ಒಬ್ಬನೇ ಮಗ ಇರುವಾಗ ಯಾರಾದರೂ 'ದೊಡ್ಡವನೇ' ಅಂತ ಕೂಗುತ್ತಾರೆಯೇ? ತಮ್ಮ ಹುಟ್ಟಿದ ಮೇಲೆ ಅಣ್ಣನ ಹೆಸರನ್ನು ಕಿತ್ತು ಅವನಿಗೆ ಇಡಬಾರದು, ಅಷ್ಟೇ ನಾನು ಕೇಳುತ್ತಿರುವುದು.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಈಗ ನಂಬರಿದೆ, 63 ಮತ್ತೆ 63 ಆಗಿದೆ. ಖಜಾಂಚಿಗಳು ಮಾತ್ರ ಈಗಲೂ ಪ್ರತಿ ರಸೀದಿಯನ್ನು ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ಕೂಡುತ್ತಾರೆ. ನಾನು ಎದುರು ಕೂತು ಸುಮ್ಮನೆ ಚಹಾ ಕುಡಿಯುತ್ತೇನೆ.