ಒಂದು ಮಿಲಿಮೀಟರಿನ ಬೆಲೆ

ಲೋಹದ ಕೆಲಸಕ್ಕೆ ಕಿಲೋ ಲೆಕ್ಕದಲ್ಲಿ ದರ ಹೇಳುವ ಪದ್ಧತಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ವರ್ಕ್‌ಶಾಪುಗಳಿಗೆ ಹೊಸದಲ್ಲ. ತೆಂಗಿನ ನಾರಿನ ಯಂತ್ರಕ್ಕೆ ಅದು ಒಗ್ಗುತ್ತದೆ. ಆದರೆ 2023ರ ಫೆಬ್ರುವರಿಯಲ್ಲಿ ನೆರೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡ ಮೇಲೆ ನಿಖರ ಬಿಡಿಭಾಗಗಳ ವ್ಯವಹಾರ ದೂರದ ಮಾತಾಗಿ ಉಳಿದಿಲ್ಲ. ಅಂತಹ ವ್ಯವಹಾರದಲ್ಲಿ ಕಿಲೋ ದರ ಎಷ್ಟು ಅಪಾಯಕಾರಿ ಎಂಬುದನ್ನು ಸೂಕ್ಷ್ಮತರಂಗ ಪ್ರತಿಫಲಕಗಳ ಉದಾಹರಣೆ ಸ್ಪಷ್ಟಪಡಿಸುತ್ತದೆ.

ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೋ ಸಂಸ್ಥೆಯ 32 ಮೀಟರ್ ವ್ಯಾಸದ ಆಂಟೆನಾ ಇದೆ. 2008ರ ಚಂದ್ರಯಾನ-1ರ ಕಾಲಕ್ಕೆ ಸಿದ್ಧವಾದದ್ದು. ಸಾಮಾನ್ಯವಾಗಿ ಸೂಕ್ಷ್ಮತರಂಗಗಳನ್ನು ಟೊಳ್ಳು ಲೋಹದ ನಾಳದಲ್ಲಿ, ಅಂದರೆ ವೇವ್‌ಗೈಡಿನಲ್ಲಿ, ಸಾಗಿಸುತ್ತಾರೆ. ಆವರ್ತನ ಏರಿದಂತೆ ನಾಳ ಕಿರಿದಾಗುತ್ತದೆ, ದಾರಿಯ ನಷ್ಟ ಹೆಚ್ಚುತ್ತದೆ. ಆದ್ದರಿಂದ ಇಲ್ಲಿ ಲೋಹದ ಕನ್ನಡಿಗಳ ಸಾಲೊಂದು ತರಂಗವನ್ನು ತಿರುಗಿಸುತ್ತ, ಒಟ್ಟುಗೂಡಿಸುತ್ತ, ಮೇಲಿನ ತಟ್ಟೆಯಿಂದ ಬುಡದ ಕೋಣೆಗೆ ಇಳಿಸುತ್ತದೆ. ತಟ್ಟೆ ಎತ್ತ ವಾಲಿದರೂ ಕೋಣೆಯ ಉಪಕರಣಗಳು ಅಲುಗುವುದಿಲ್ಲ. ದುರಸ್ತಿಗೆ ಮೇಲೇರುವ ಪ್ರಮೇಯವೂ ಇಲ್ಲ.

ಪ್ರತಿಫಲಕದ ಮೈಯಲ್ಲಿ ಡೊಂಕಿದ್ದರೆ? ನೇರವಾಗಿ ಬಿದ್ದ ತರಂಗ ಹೋಗಿ ಮರಳಬೇಕಾದ್ದರಿಂದ 1 ಮಿ.ಮೀ. ತಗ್ಗು ದಾರಿಯಲ್ಲಿ 2 ಮಿ.ಮೀ. ವ್ಯತ್ಯಾಸ ತರುತ್ತದೆ. ಅಮೆರಿಕದ ಜಾನ್ ರೂಜ್ ಅವರ ಸೂತ್ರದಂತೆ ಲೆಕ್ಕ ಹಾಕಿದರೆ, ಮೈಯೆಲ್ಲ ಸರಾಸರಿ 1 ಮಿ.ಮೀ. ದೋಷವುಳ್ಳ ತಟ್ಟೆ 2.2 ಗಿಗಾಹರ್ಟ್ಸ್‌ನಲ್ಲಿ ಶೇ. 1ಕ್ಕಿಂತ ಕಡಿಮೆ ಶಕ್ತಿ ಕಳೆದುಕೊಳ್ಳುತ್ತದೆ, 8.4ರಲ್ಲಿ ಸುಮಾರು ಶೇ. 12; 32ರಲ್ಲಿ ಶೇ. 83! ಲೋಹ ಅದೇ, ತೂಕ ಅದೇ, ಕೂಲಿಯೂ ಅದೇ. ಕಾಯಿ ಅಲ್ಲಾಡಿಸಿ ಒಳಗಿನ ಕೊಬ್ಬರಿ ಒಣಗಿದೆಯೆಂದು ಕಿವಿಯಲ್ಲೇ ತಿಳಿಯುವ ಜಾಣ ವ್ಯಾಪಾರಿಗೂ ಈ ದೋಷ ಗೊತ್ತಾಗದು.

ಇಂತಹ ಆರ್ಡರು ಬಯಸುವವರು ಸಿ.ಎನ್.ಸಿ. ಯಂತ್ರದ ಸಾಲಕ್ಕೆ ಬ್ಯಾಂಕಿಗೆ ಹೋಗುವ ಮುನ್ನ ಅಳತೆಯ ವ್ಯವಸ್ಥೆಗೆ ಹಣ ತೆಗೆದಿರಿಸುವುದು ಉಚಿತ. ಮಾಪನ ಉಪಕರಣಗಳ ಪ್ರಮಾಣೀಕರಣ ಶುಲ್ಕವನ್ನು ‘ಇತರೆ ಖರ್ಚು’ಗಳಲ್ಲಿ ಮುಳುಗಿಸುವ ರೂಢಿ ತಪ್ಪಬೇಕು, ಅದು ಆ ಕೆಲಸದ ನೇರ ವೆಚ್ಚ, ದರಪಟ್ಟಿಯಲ್ಲೇ ಸೇರಬೇಕಾದದ್ದು. ತಿರಸ್ಕೃತ ಮಾಲನ್ನು ಗುಜರಿ ದರಕ್ಕೆ ಬರೆದು ಕೈತೊಳೆದುಕೊಂಡರೆ ವ್ಯರ್ಥವಾದ ಯಂತ್ರದ ಗಂಟೆಗಳೂ ಬಡ್ಡಿಯೂ ಲೆಕ್ಕದಿಂದ ಜಾರಿಹೋಗುತ್ತವೆ, ಲಾಭವಿದೆ ಎಂಬ ಭ್ರಮೆ ಉಳಿಯುತ್ತದೆ. ಮೂರು ಆಯಾಮದ ಮಾಪನ ಯಂತ್ರ ಒಬ್ಬರಿಗೆ ಭಾರವಾದರೆ ಹಲವು ಘಟಕಗಳು ಕೂಡಿ, ಕೇಂದ್ರ ಸರ್ಕಾರದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಪ್ರಯತ್ನಿಸಬಹುದು. ಅಲ್ಲಿಯವರೆಗೆ, ದರ ಹೇಳುವ ಮೊದಲೇ ಖರೀದಿದಾರರಿಂದ ಮೂರು ಸಂಗತಿ ಲಿಖಿತವಾಗಿ ಪಡೆಯುವುದು ಕ್ಷೇಮ: ಭಾಗ ಯಾವ ಆವರ್ತನಕ್ಕೆ ಬಳಕೆಯಾಗಲಿದೆ, ದೋಷದ ಮಿತಿ ಎಷ್ಟು, ಅಳೆದು ಒಪ್ಪುವವರು ಯಾರು.