ಬಾಡಿಗೆಯಾಚೆಯ ಲೆಕ್ಕ

ಬೆಂಗಳೂರಿನಲ್ಲಿ ಮನೆ ಹುಡುಕುವ ಸಂಸಾರಸ್ಥರು ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂಬೆರಡು ಪ್ರಶ್ನೆಗಳಿಗೇ ತೃಪ್ತರಾಗಿ ಕರಾರಿಗೆ ರುಜು ಹಾಕುವರು. ದೀಪ ನೀರುಗಳ ವೆಚ್ಚ ತಿಂಗಳು ಕಳೆದ ಮೇಲೆ ಬಾಗಿಲು ತಟ್ಟುತ್ತದೆ.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಲ್ಲುವುದು ಸಂತೋಷದ ಸಂಗತಿ. ಆದರೆ ತಿಂಗಳ ಬಳಕೆ 200 ಯೂನಿಟ್ ಮೀರಿತೆಂದರೆ, ಮೀರಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲಿಗೇ ಹಣ ತೆರಬೇಕು. ಎರಡು ಸಂಸಾರಗಳಿಗೆ ಒಂದೇ ಮೀಟರು ಇರುವಲ್ಲಿ ಈ ಗೆರೆ ದಾಟುವುದು ಎಷ್ಟು ಸುಲಭ! ನೆರೆಮನೆಯ ಗೀಸರಿಗೆ ನಾವು ದಂಡ ತೆತ್ತಂತೆ.

ನೀರಿನದು ಇನ್ನೂ ತೊಡಕು. ಸುಮಾರು ನೂರು ಕಿಲೋಮೀಟರು ದೂರದಿಂದ ಏರಿ ಬರುವ ಕಾವೇರಿ ಎಲ್ಲ ಮನೆಗಳನ್ನೂ ಮುಟ್ಟಿಲ್ಲ. 2023ರ ಮಳೆ ಕೈಕೊಟ್ಟು, ಮರುವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿನ ದರಕ್ಕೆ ಜಿಲ್ಲಾಡಳಿತವೇ ಮಿತಿ ಕಟ್ಟಬೇಕಾಯಿತು. ಮಳೆಗಾಲದಲ್ಲಿ ಮನೆ ಒಪ್ಪಿದವರಿಗೆ ಏಪ್ರಿಲಿನ ಲೆಕ್ಕ ಕಾಣದು.

ಆದುದರಿಂದ ಮೀಟರು ಪ್ರತ್ಯೇಕವೇ ಎಂದು ನೋಡಬೇಕು. ಕಳೆದ ಬೇಸಗೆಯ ಬಿಲ್ಲುಗಳನ್ನು ಕೇಳಬೇಕು. ಟ್ಯಾಂಕರಿನ ಹಣ ಯಾರದೆಂದು ಕರಾರಿನಲ್ಲಿ ಬರೆಯಿಸಬೇಕು. ಕೇಳಿದರೆ ಮನೆಯೇ ಕೈತಪ್ಪೀತೆಂಬ ಅಂಜಿಕೆ ಅನೇಕರದು. ಅದು ಸುಳ್ಳೂ ಅಲ್ಲ. ಮುಂಗಡ ಎಣಿಸಿಕೊಳ್ಳುವ ಮುನ್ನ ಮಾಲೀಕರು ತಾವಾಗಿಯೇ ಆ ಬಿಲ್ಲುಗಳನ್ನು ಮುಂದಿಡಬೇಕೆಂದು ನಾವು ಬಯಸುತ್ತೇವೆ.