ಹತ್ತಿಯ ಬತ್ತಿಯೂ ಕಾನೂನಿನ ಕೈಯೂ

ದೀಪದ ಬತ್ತಿಯನ್ನು ಹದವಾಗಿ ಹೊಸೆಯಬೇಕೆಂಬುದನ್ನು ಗಂಜಾಮಿನ ಗೃಹಿಣಿಯರಿಗೆ ಯಾರೂ ಕಲಿಸಬೇಕಾದುದಿಲ್ಲ. ತೀರ ಬಿಗಿಯಾದರೆ ಎಣ್ಣೆ ಮೇಲೇರದೆ ಬತ್ತಿ ಕರಕಾಗುವುದು. ಆ ಊರಿನಿಂದ ಮೈಸೂರಿಗೆ ಓದಲು ಹೋಗುವ ಹುಡುಗನೊಬ್ಬನು ಇದೇ ವಿದ್ಯೆಯನ್ನು, ಕೋಣೆಯ ಬಾಗಿಲಿಕ್ಕಿಕೊಂಡು, ವೇಪ್ ಎಂಬ ವಿದ್ಯುತ್ ಸಿಗರೇಟಿನ ಮೇಲೆ ಪ್ರಯೋಗಿಸುತ್ತಿರುವನೆಂದು ವಾಚಕರು ಭಾವಿಸಲಿ. ಸುಟ್ಟ ತಂತಿಸುರುಳಿಯನ್ನು ತೆಗೆದು ಹೊಸದನ್ನು ಸುತ್ತಿ, ಅದರೊಳಗೆ ಹತ್ತಿಯನ್ನು ತೂರಿಸುತ್ತಾನೆ. ಹತ್ತಿ ಕಡಮೆಯಾದರೆ ದ್ರವವು ತಡೆಯಿಲ್ಲದೆ ನುಗ್ಗಿ ಸುರುಳಿಯನ್ನು ಮುಳುಗಿಸುತ್ತದೆ. ಗೊಳಗೊಳ ಸದ್ದಾಗಿ ಬಿಸಿ ಹನಿಗಳು ಬಾಯಿಗೆ ಸಿಡಿಯುತ್ತವೆ. ಹೆಚ್ಚಾದರೆ ಒಣಹತ್ತಿ ಕರಟುವುದಲ್ಲದೆ, ಉಳಿದ ದ್ರವವು ಅತಿಯಾಗಿ ಕಾದು ಫಾರ್ಮಾಲ್ಡಿಹೈಡಿನಂತಹ ವಿಷವಸ್ತುಗಳು ಹುಟ್ಟುತ್ತವೆ. ಹದವಾದ ಬತ್ತಿಯು ಈ ಎರಡು ಉಪದ್ರವಗಳನ್ನು ತಪ್ಪಿಸೀತು. ದ್ರವದೊಳಗಿನ ನಿಕೋಟಿನ್ನನ್ನು ಮಾತ್ರ ಅದು ಸೋಸಲಾರದು. ಇನ್ನಷ್ಟು ಸಲೀಸಾಗಿ ಎದೆಗೆ ಮುಟ್ಟಿಸುತ್ತದೆ, ಅಷ್ಟೆ.

ಈ ಯಂತ್ರದ ಮಾರಾಟವನ್ನು ಕರ್ನಾಟಕವು 2016ರಲ್ಲಿಯೇ ನಿಷೇಧಿಸಿತು. ಕೇಂದ್ರ ಸರ್ಕಾರದವರು 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರಿನಲ್ಲಿ ಶಾಸನವನ್ನೇ ಮಾಡಿದರು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತುಗಳಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸೇದುವವನನ್ನು ಶಾಸನವು ಅಪರಾಧಿಯೆಂದು ಹೆಸರಿಸಿಲ್ಲ. ಇದು ವಿವೇಕವೇ ಸರಿ. ಆದರೆ 'ತಯಾರಿಕೆ' ಎಂಬ ಪದಕ್ಕೆ ಅದು ಕೊಟ್ಟಿರುವ ಅರ್ಥವು ಯಂತ್ರದ ಯಾವುದೇ ಭಾಗವನ್ನು ಮಾಡುವುದನ್ನೂ ಜೋಡಿಸುವುದನ್ನೂ ಒಳಗೊಳ್ಳುತ್ತದೆ. ಹಾಗಿರಲು ತಂತಿ ಸುತ್ತಿ ಹತ್ತಿ ತೂರಿಸಿದ ಹುಡುಗನು ಸೇದುವವನೋ ತಯಾರಕನೋ? ಉತ್ಸಾಹಿಯಾದ ಇನ್‌ಸ್ಪೆಕ್ಟರೊಬ್ಬರು ತಯಾರಕನೆಂದೇ ಬರೆದುಕೊಳ್ಳಲು ಇಲ್ಲಿ ಎಡೆಯುಂಟು.

ನಿಷೇಧವು ತೊಲಗಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಇದೇ ಮೈಸೂರು ಸೀಮೆಯ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕು ಮಂಡಳಿಯ ಮೇಲ್ವಿಚಾರಣೆಯಲ್ಲಿಯೇ ತಂಬಾಕಿನ ಹರಾಜು ನಡೆಯುತ್ತದೆ. ಬೀಡಿಯು ಪೆಟ್ಟಿಗೆ ಅಂಗಡಿಯಲ್ಲಿ ದೊರೆಯುತ್ತದೆ. ಇಂತಹ ನಾಡಿನಲ್ಲಿ ಚಿಟಿಕೆ ಹತ್ತಿಗಾಗಿ ವಿದ್ಯಾರ್ಥಿಯೊಬ್ಬನು ಸೆರೆಮನೆಯ ಭಯದಲ್ಲಿರುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಸ್ವಂತ ಬಳಕೆಯ ಸುರುಳಿಯನ್ನು ಕಟ್ಟಿಕೊಳ್ಳುವುದು ತಯಾರಿಕೆಯಲ್ಲವೆಂದು ಶಾಸನಕ್ಕೆ ಒಂದು ವಾಕ್ಯವನ್ನು ಸೇರಿಸಲಿ. ಪೊಲೀಸರು ದ್ರವದ ಸೀಸೆಗಳನ್ನು ಕಳ್ಳದಾರಿಯಲ್ಲಿ ತರಿಸಿ ಮಾರುವವರನ್ನು ಹಿಡಿಯಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂಬಾಕಿನ ಚಟ ಬಿಡಲು ಬಯಸುವವರಿಗೆ ದೂರವಾಣಿಯ ಮೂಲಕ ಸಲಹೆ ಕೊಡುತ್ತಿದೆ. ಅಲ್ಲಿಗೆ ಕರೆ ಮಾಡುವ ಹುಡುಗನಿಗೆ, ಬತ್ತಿ ಹೊಸೆದ ಸಂಗತಿಯನ್ನು ಬಾಯಿಬಿಟ್ಟರೆ ಎಲ್ಲಿ ಠಾಣೆಯ ಮೆಟ್ಟಿಲು ಹತ್ತಬೇಕಾಗುವುದೋ ಎಂಬ ಅಳುಕು ಇರಕೂಡದು.